ಕುಂಕುಮ ಮೆತ್ತಿದ ಪುಟ

ಇದು ಶುರುವಾದದ್ದು ಆಶ್ವಯುಜ ಮುಗಿಯುತ್ತ ಬಂದಾಗ, ನರಕ ಚತುರ್ದಶಿಯ ದಿನ, ಸಂಜೆ ಆರೂವರೆಗೆ, ದೀಪ ಹಚ್ಚುವ ಹೊತ್ತಿನಲ್ಲಿ. ಶಂಕರಪುರದ ಆ ಹಳೆಯ ಮನೆಯ ಮುಂಭಾಗದಲ್ಲಿ ನಾಗಭೂಷಣ್ ಅವರ ವಾಸ. ಹಿತ್ತಿಲ ಕಡೆಯ ಎರಡು ಕೋಣೆಗಳಲ್ಲಿ ಅವರ ತಂಗಿ ಬಸವಮ್ಮ, ತಂಗಿಯ ಗಂಡ ಪಂಚಾಕ್ಷರಯ್ಯ, ಅವರ ಒಬ್ಬನೇ ಮಗ ಕೈಲಾಸ್. ಕೈಲಾಸನಿಗೆ ಸೋದರಮಾವನ ಮಗಳು ಐಶ್ವರ್ಯಳನ್ನೇ ತಂದುಕೊಂಡಿದ್ದರು. ಅವಳು ಹುಟ್ಟಿದ್ದು ಮುಂದಿನ ಮನೆಯಲ್ಲಿ, ಬಾಳುತ್ತಿದ್ದದ್ದು ಹಿಂದಿನ ಮನೆಯಲ್ಲಿ. ನಡುವೆ ಒಂದು ಬಚ್ಚಲುಮನೆ, ಒಂದು ಕರಿಬೇವಿನ ಗಿಡ, ಅಷ್ಟೇ.

ಐಶ್ವರ್ಯ ಹೊಸಿಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಹಣತೆಗೆ ಎಣ್ಣೆ ಬಿಡುತ್ತಿದ್ದಳು. ಪ್ರತಿ ದೀಪಾವಳಿಗೂ ಪಂಚಾಕ್ಷರಯ್ಯನವರು ಮಧ್ಯಾಹ್ನದಿಂದಲೇ ಕಿವಿಗೆ ಹತ್ತಿ ತುರುಕಿಕೊಂಡು ಒಳಕೋಣೆಯ ಅಕ್ಕಿ ಡ್ರಮ್ಮಿನ ಹಿಂದೆ ಗೋಡೆಗೆ ಬೆನ್ನುಕೊಟ್ಟು ಕೂರುತ್ತಿದ್ದರು. ಸಂಜೆಯಾಗುತ್ತಲೇ ಬಸವಮ್ಮ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಮೂವತ್ತು ಚಿಲ್ಲರೆ ವರ್ಷ ತಪ್ಪದ ಆ ಚಿಲಕ ಅವತ್ತು ತಪ್ಪಿತು. ಒಬ್ಬಟ್ಟಿನ ಹಂಚು ಹೊತ್ತಿಕೊಂಡಿತೆಂದು ಓಡಿದವರು ಚಿಲಕದ ಮಾತನ್ನೇ ಮರೆತರು. ಅದೇ ಗಳಿಗೆಯಲ್ಲಿ ಬೀದಿಯಲ್ಲಿ ಯಾರೋ ಹತ್ತು ಸಾವಿರದ ಪಟಾಕಿ ಸರಕ್ಕೆ ಬೆಂಕಿ ಇಟ್ಟರು.

ಪಂಚಾಕ್ಷರಯ್ಯನವರು ಕೋಣೆಯಿಂದ ಚಿಮ್ಮಿ ಬಂದರು. ಸೊಸೆಯ ಕತ್ತಿನ ಹಿಂಭಾಗಕ್ಕೆ ಕೈ ಹಾಕಿ, ಇದ್ದ ಬಲವನ್ನೆಲ್ಲ ಬಳಸಿ ಅವಳ ತಲೆಯನ್ನು ನೆಲಕ್ಕೆ ಅಪ್ಪಳಿಸಿದರು! ಹುಬ್ಬು ಕಲ್ಲಿನ ಹೊಸಿಲಿಗೆ ಬಡಿಯಿತು. ಹಣತೆಗಳು ಒಡೆದು ಎಣ್ಣೆ ರಕ್ತ ಎರಡೂ ಬೆರೆತು ರಂಗೋಲಿಯ ಮೇಲೆ ಹರಿದವು. "ತಲೆ ಎತ್ಬೇಡ! ತಲೆ ಎತ್ಬೇಡ!" ಎಂದು ಕೂಗುತ್ತ ಅವಳ ಬೆನ್ನ ಮೇಲೆ ಮೊಣಕಾಲೂರಿ ಒತ್ತಿದರು. ಅವಳು ಉಸಿರಿಗಾಗಿ ಒದ್ದಾಡಿ ತಲೆ ಎತ್ತಿದಾಗಲೆಲ್ಲ ಮತ್ತೆ ನೆಲಕ್ಕೆ ಕುಟ್ಟಿದರು. ಬಿಡಿಸಲು ಬಂದ ಬಸವಮ್ಮನವರ ಪಕ್ಕೆಗೆ ಒಂದು ಒದೆ ಬಿತ್ತು. ಅದು ತಳ್ಳಿದ್ದಲ್ಲ, ಒದ್ದದ್ದೇ. ಅವರು ಮುಖ ಅಡಿಯಾಗಿ ಒರಳಿನ ಮೇಲೆ ಹೋಗಿ ಬಿದ್ದರು.

ಸಿಹಿ ತರಲು ಹೋಗಿದ್ದ ಕೈಲಾಸ್ ಬಾಗಿಲಿಗೆ ಬಂದವನು ಇದನ್ನು ಕಂಡ. ಕೈಯಲ್ಲಿದ್ದ ಪೊಟ್ಟಣ ಎಲ್ಲಿ ಬಿತ್ತೋ ಅವನಿಗೆ ಗೊತ್ತಿಲ್ಲ. ಊಟಕ್ಕೆ ಹಾಕಿದ್ದ ಮಣೆ ಕೈಗೆ ಸಿಕ್ಕಿತು. ತಂದೆಯ ಹೆಗಲ ಮೇಲೆ ಒಂದು, ಬೆನ್ನ ಮೇಲೆ ಒಂದು, ತಲೆ ಕಾಯಲು ಅಡ್ಡ ಬಂದ ಕೈಯ ಮೇಲೆ ಇನ್ನೊಂದು... ಎರಡು ಬೆರಳು ಮುರಿದ ಸದ್ದು ಪಟಾಕಿಯ ನಡುವೆಯೂ ಕೇಳಿಸಿತು. ಆಶ್ಚರ್ಯವೆಂದರೆ ಪಂಚಾಕ್ಷರಯ್ಯನವರು ತಿರುಗಿ ಕೈ ಎತ್ತಲೇ ಇಲ್ಲ. ಸರ ಮುಗಿದು ಬೀದಿಯಲ್ಲಿ ಹೊಗೆ ಮಾತ್ರ ಉಳಿದಾಗ ಅವರು ತಮ್ಮ ಕೈ ಕೆಳಗಿನ ಹೆಣ್ಣುಮಗಳ ಮುಖ ನೋಡಿದರು. ನೋಡಿ, ಮುರಿದ ಬೆರಳಲ್ಲೇ ಅವಳ ಹುಬ್ಬಿನ ರಕ್ತ ಒರೆಸಲು ಹೋದರು.

"ಮುಟ್ಬೇಡ ಅವ್ಳನ್ನ!" ಕೈಲಾಸ್ ಕಿರುಚಿದ. "ನಾನು ಏಳು ವರ್ಷದ ಹುಡುಗ ಇದ್ದಾಗ ಅಮ್ಮನ್ನ ಹೊಡ್ದೆ, ಸುಮ್ನಿದ್ದೆ. ಹದಿನಾರಕ್ಕೆ ನನ್ ಕಿವಿ ತಮಟೆ ಒಡ್ದೆ, ಸುಮ್ನಿದ್ದೆ. ಇನ್ನು ಸುಮ್ನಿರಲ್ಲ! ಈ ಮನೇಲಿ ನೀನಿರ್ಬೇಕು, ಇಲ್ಲ ನಾನಿರ್ಬೇಕು!"

ಐಶ್ವರ್ಯಳ ಹುಬ್ಬಿಗೆ ಒಂಬತ್ತು ಹೊಲಿಗೆ ಬಿದ್ದವು. ಹಬ್ಬದ ಮೂರೂ ದಿನ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಬಲಿಪಾಡ್ಯಮಿಯ ಮಾರನೆಯ ಬೆಳಿಗ್ಗೆ ನಾಗಭೂಷಣ್ ಹಿಂದಿನ ಮನೆಗೆ ಬಂದರು. ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಪಂಚೆ, ಕೈಯಲ್ಲಿ ಒಂದು ಹಾಳೆ. ಮಗಳ ಮುಂದೆ ಅದನ್ನಿಟ್ಟು ಪೆನ್ನಿನ ಮುಚ್ಚಳ ತೆಗೆದರು.

"ಸೈನ್ ಹಾಕು ಐಶು. ಸ್ಟೇಷನ್ನಿಗೆ ನಾನೇ ತೊಗೊಂಡ್ಹೋಗಿ ಕೊಡ್ತೀನಿ. ಕೊಲೆ ಮಾಡಕ್ಕೆ ಬಂದಿದ್ದ ಅಂತ ಬರ್ಸಿದೀನಿ."

ಮೂಲೆಯಲ್ಲಿ ಕೂತಿದ್ದ ಪಂಚಾಕ್ಷರಯ್ಯನವರು ತಲೆ ಎತ್ತಲಿಲ್ಲ. ನಾಗಭೂಷಣ್ ಅವರತ್ತ ತಿರುಗಿದರು. "ಏನ್ ಸಿಪಾಯಿ ಭಾವ? ಲಂಕೆ ಸುಟ್ಟು ಬಂದೋರು! ಬಾಲ ಎಲ್ಲಿ ಬಿಟ್ಬಂದ್ರಿ? ಒಂದ್ಸಲ ತೋರ್ಸಿ, ನಾವೂ ಕೈ ಮುಗೀತೀವಿ!"

ಈ ಮಾತು ಹೊಸದಲ್ಲ. ಮದುವೆ ಮುಂಜಿ, ಗೃಹಪ್ರವೇಶ, ಎಲ್ಲಿ ನಾಲ್ಕು ಜನ ಸೇರಿದರೂ ನಾಗಭೂಷಣ್ ಇದನ್ನು ಹೇಳಿ ನಗಿಸುತ್ತಿದ್ದರು. ತಂಗಿಯ ಗಂಡ ದಂಡಿನಲ್ಲಿ ಅಡುಗೆ ಭಟ್ಟನಾಗಿದ್ದ, ಲಾರಿಯಿಂದ ಬಿದ್ದು ತಲೆ ಒಡೆದುಕೊಂಡ, ಶ್ರೀಲಂಕೆಯ ಯುದ್ಧಕ್ಕೆ ಹೋಗಿದ್ದೆನೆಂದು ಕಥೆ ಕಟ್ಟಿದ ಎಂಬುದು ನೆಂಟರಿಷ್ಟರೆಲ್ಲ ನಂಬಿದ ಮಾತಾಗಿತ್ತು. ಆದರೆ ಅವತ್ತು ನಗಲು ಯಾರೂ ಇರಲಿಲ್ಲ.

"ಮಾವ ನಿಜ್ವಾಗ್ಲೂ ಲಂಕೆಗೆ ಹೋಗಿದ್ರಾ ಅತ್ತೆ?" ಪಟ್ಟಿ ಕಟ್ಟಿದ ಹಣೆಯ ಕೆಳಗಿಂದ ಐಶ್ವರ್ಯ ಕೇಳಿದಳು. "ನನಗೆ ಹೊಡೆದೋರು ಯಾರು ಅಂತ ನನಗೆ ಗೊತ್ತಾಗ್ಬೇಕು. ಕುಡುಕನಾ? ಕೆಟ್ಟೋರಾ? ಅಥವಾ ಯುದ್ಧದಲ್ಲಿ ಪೆಟ್ಟು ತಿಂದೋರಾ? ಅದು ಗೊತ್ತಾದ್ಮೇಲೆ ಸೈನ್ ಹಾಕ್ತೀನಿ."

"ದಂಡಿನೋರು ಕೊಟ್ಟ ಪುಸ್ತಕದಲ್ಲಿದ್ರೆ ತೋರ್ಸಕ್ ಹೇಳು!" ಎಂದರು ನಾಗಭೂಷಣ್.

ಬಸವಮ್ಮ ಪಕ್ಕೆ ಹಿಡಿದುಕೊಂಡೇ ಎದ್ದು ಟ್ರಂಕು ತೆರೆದು, ಕೆಂಪು ವಸ್ತ್ರದಲ್ಲಿ ಸುತ್ತಿದ್ದ ಗಂಡನ ಸೇವಾ ಪುಸ್ತಕ ತಂದರು. ಐಶ್ವರ್ಯ ಪುಟ ತಿರುವಿದಳು. ಗಾಯ, ವಿದೇಶ ಸೇವೆ, ಪದಕ ಎಂಬ ವಿವರ ಇರಬೇಕಾದ ಪುಟ ಬಂತು. ಆ ಪುಟದಲ್ಲಿ ಅಕ್ಷರವೇ ಇರಲಿಲ್ಲ! ವಿಭೂತಿ, ಅರಿಸಿನ, ಕುಂಕುಮ... ಪದರದ ಮೇಲೆ ಪದರ ಒಣಗಿ, ಹಲಗೆಯಂತೆ ಗಟ್ಟಿಯಾಗಿ, ಮುಟ್ಟಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು.

ಮಾಡಿದ್ದು ಬೇರೆ ಯಾರೂ ಅಲ್ಲ, ಬಸವಮ್ಮನವರೇ. ಅವರು ಹುಟ್ಟಿದ್ದು ಪೇಟೆಯ ವ್ಯಾಪಾರಸ್ಥರ ಮನೆಯಲ್ಲಿ. ಆಯುಧಪೂಜೆಯ ದಿನ ತಕ್ಕಡಿಗೆ, ತೂಕದ ಕಲ್ಲಿಗೆ, ಅಂಗಡಿಯ ಪುಸ್ತಕದ ಹಾಳೆಗೆ ವಿಭೂತಿ ಇಟ್ಟು ಕುಂಕುಮ ಹಚ್ಚಿ ಪೂಜೆ ಮಾಡುವುದು ಅಲ್ಲಿಯ ವಾಡಿಕೆ. ಗಂಡ ಸಿಪಾಯಿ, ಅವನ ಆಯುಧ ಸರ್ಕಾರದ್ದು. ಮನೆಗೆ ತಂದದ್ದು ಈ ಪುಸ್ತಕವೊಂದೇ. ಅದರಲ್ಲಿ ಯಾವ ಸಾಲು ದೊಡ್ಡದು ಎಂದು ಗಂಡನನ್ನೇ ಕೇಳಿ, ಆ ಸಾಲಿನ ಮೇಲೆಯೇ ವರ್ಷ ವರ್ಷವೂ ನೀರು ಕಲಸಿದ ಕುಂಕುಮ ಹಚ್ಚಿದ್ದರು. ಓದು ಬಾರದ ಹೆಂಗಸು. ಭಕ್ತಿಯಿಂದ ಇಟ್ಟ ಬೆರಳೇ ಶಾಯಿಯನ್ನು ಅಳಿಸುತ್ತಿದೆಯೆಂದು ಅವರಿಗೆ ಹೊಳೆದದ್ದು ಏಳೆಂಟು ವರ್ಷವಾದ ಮೇಲೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾಗಭೂಷಣ್ ಆ ಪುಟ ನೋಡಿ ಗಹಗಹಿಸಿದರು. "ಸಾಕ್ಷಿಗೆ ಕುಂಕುಮ ಇಟ್ಟು ಕಳ್ಸಿದಾಳೆ ನನ್ ತಂಗಿ! ಆಯ್ತು, ಸಂಕ್ರಾಂತಿ ಎಳ್ಳು ಬೀರೋದ್ರೊಳಗೆ ಲಂಕೆ ಕಾಗದ ತನ್ನಿ. ಇಲ್ದಿದ್ರೆ ಈ ಕಂಪ್ಲೇಂಟು ಸ್ಟೇಷನ್ನಿಗೆ, ಇವ್ನು ಜೈಲಿಗೆ. ನೀವೆಲ್ಲ ಎಲ್ಲಾದ್ರೂ ಬಾಡಿಗೆ ಮನೆ ನೋಡ್ಕೊಳ್ಳಿ!"

ಶ್ರೀರಾಂಪುರದಲ್ಲಿ ಮುನಿರಾಮಪ್ಪ ಎಂಬ ಹಳೆಯ ಸಿಪಾಯಿ ಇದ್ದರು. ಎಂಬತ್ತೆಂಟರಲ್ಲಿ ಪಂಚಾಕ್ಷರಯ್ಯನವರನ್ನು ಆಸ್ಪತ್ರೆಯಿಂದ ಮನೆಯವರೆಗೆ ಕೈಹಿಡಿದು ಕರೆತಂದವರು ಅವರೇ. ಬಸವಮ್ಮ ಬಸ್ಸು ಹತ್ತಿ ಅವರನ್ನು ಹುಡುಕಿಕೊಂಡು ಹೋದರು. ಮುನಿರಾಮಪ್ಪನವರ ಎಡಗೈ ಮೊಣಕೈವರೆಗೆ ಮಾತ್ರ ಇತ್ತು. ಅವರು ಬಸವಮ್ಮನವರ ಊದಿದ ಮುಖ ನೋಡಿ, ಕೇಳದೆಯೇ ಅರ್ಥ ಮಾಡಿಕೊಂಡರು.

"ಕಾಫಿ ಕುಡಿಯಮ್ಮ ಮೊದ್ಲು. ನನ್ ಮನೆಯವ್ಳೂ ಮುನಿಯಕ್ಕ ಅಂತ, ಅವ್ಳೂ ಹಿಂಗೇ ಸೆರಗು ಎಳ್ಕೊಂಡು ಮುಖ ಮುಚ್ಚೋಳು. ಈಗಿಲ್ಲ." ಲೋಟ ಮುಂದಿಟ್ಟು ಎದುರಿಗೆ ಕೂತರು. ಆಮೇಲೆ ಮೂವತ್ತಾರು ವರ್ಷ ಬಾಯಿ ಬಿಡದಿದ್ದ ಮಾತು ಬಿಟ್ಟರು.

"ಲಂಕೇಲಿ ಒಂದು ತಾಳೆಮರದ ತೋಪು. ಅಕ್ಟೋಬರ್ ತಿಂಗ್ಳು. ನಮ್ದು ಮೂರ್ನೇ ಟ್ರಕ್ಕು. ರಸ್ತೆ ಕೆಳ್ಗಡೆ ಮೈನು ಸಿಡೀತು. ನನ್ ಕೈ ನನ್ ಎದುರ್ಗೇ ಬಿದ್ದಿತ್ತು, ವಾಚು ಇನ್ನೂ ನಡೀತಿತ್ತು... ನಗ್ಬೇಡ, ನಿಜ. ಮ್ಯಾಲಿಂದ ಗುಂಡು. ಕೇದಾರ್ ಅಂತ ಹುಡ್ಗ, ಹತ್ತೊಂಬತ್ತು ವಯಸ್ಸು, ಪಂಚಾಕ್ಷರಿ ಪಕ್ಕದಾಗೇ ಮಲ್ಗಿದ್ದ. 'ತಲೆ ಎತ್ಬೇಡ ಮಗಾ' ಅಂತ ಇವ್ನು ಹೇಳ್ತಾನೇ ಇದ್ದ. ಆ ಹುಡ್ಗ ಒಂದೇ ಒಂದ್ ಸಲ ಎತ್ತಿದ. ತಲೆ ಅರ್ಧ ಇವ್ನ ಮಡ್ಲಿಗೆ ಬಂತು. ಎರಡು ದಿನ ನಾವು ಮೈನು ಸಿಡಿದ ಗುಂಡಿಯಲ್ಲಿ ಹೆಣಗಳ ಮಧ್ಯ ಇದ್ವಿ ಕಣಮ್ಮ. ಎರಡು ದಿನಾನೂ ಇವ್ನು ಆ ಹೆಣದ ತಲೇನ ನೆಲಕ್ಕೆ ಒತ್ತಿ ಹಿಡ್ದಿದ್ದ. ಇವ್ನ ತಲೆಯೊಳ್ಗೆ ಕಬ್ಬಿಣದ ಚೂರು ಇತ್ತು, ಇವತ್ತಿಗೂ ಇದೆ."

ಬಸವಮ್ಮ ಅಲುಗಾಡದೆ ಕೇಳಿದರು. ಕಾಫಿ ಆರಿಹೋಯಿತು.

"ತಳ್ಳಿದ್ದು ಅರ್ಥ ಆಯ್ತು ಅಣ್ಣಾ," ಎಂದರು ಕೊನೆಗೆ. "ಒದ್ದಿದ್ದು ಯಾಕೆ? ಪಟಾಕಿ ಇಲ್ದಿರೋ ದಿನ, ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಬೆಲ್ಟಲ್ಲಿ ಬಾರ್ಸಿದ್ದು ಯಾಕೆ?"

ಮುನಿರಾಮಪ್ಪ ಲೋಟವನ್ನು ಪಕ್ಕಕ್ಕೆ ಸರಿಸಿದರು. ಇದ್ದ ಒಂದು ಕೈಯಿಂದ ಮುಖ ಮುಚ್ಚಿಕೊಂಡರು.

ಅರ್ಜಿ ಬರೆದದ್ದು ಐಶ್ವರ್ಯ. ಹೊಲಿಗೆ ಬಿಚ್ಚಿದ ಮಾರನೆಯ ದಿನ ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದಳು. ಬರೆಯುತ್ತ ಅತ್ತೆಗೆ ಹೇಳಿದಳು, "ಇದು ಕ್ಷಮೆ ಅಲ್ಲ ಅತ್ತೆ, ತಪ್ಪು ತಿಳ್ಕೋಬೇಡಿ. ಆ ಕಂಪ್ಲೇಂಟು ನನ್ನ ದಿಂಬಿನ ಕೆಳಗೇ ಇದೆ. ದಾಖಲೆ ಸರಿಯಾದ್ರೆ ಇವರನ್ನ ಯುದ್ಧದಲ್ಲಿ ಗಾಯಗೊಂಡ ಸಿಪಾಯಿ ಅಂತ ತೊಗೋತಾರೆ, ದಂಡಿನೋರ ಆಸ್ಪತ್ರೇಲಿ ತಲೆಗೆ ಔಷಧಿ ಸಿಗತ್ತೆ. ಇಲ್ದಿದ್ರೆ ಬರೀ ಹೆಂಗಸರನ್ನ ಹೊಡೆಯೋ ಮುದುಕ. ಎರಡರಲ್ಲಿ ಯಾವ್ದು ನಿಜ ಅಂತ ಸರ್ಕಾರ ಹೇಳ್ಲಿ."

"ಎರಡೂ ನಿಜ ಕಣೇ," ಎಂದರು ಬಸವಮ್ಮ ಮೆಲ್ಲಗೆ.

ಮಾರ್ಗಶಿರದ ಒಂದು ಗುರುವಾರ ಬೆಳಿಗ್ಗೆ ಅತ್ತೆ, ಸೊಸೆ, ಮುನಿರಾಮಪ್ಪ ಮೂವರೂ ದಂಡಿನ ದಾಖಲೆ ಕಚೇರಿಗೆ ಹೋದರು. ಅಲ್ಲಿಯ ಗುಮಾಸ್ತ ಸಾವಧಾನದ ಮನುಷ್ಯ. ಕಡತ ತಂದು ಓದಿದ: ವಿದೇಶ ಸೇವೆ, ಇಲ್ಲ. ಗಾಯ, ಇಲ್ಲ. ಪದಕ, ಇಲ್ಲ. ಆಮೇಲೆ ಸೇವಾ ಪುಸ್ತಕದ ಆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದ. ಕುಂಕುಮದ ಚಕ್ಕೆಗಳು ಅವನ ಮೇಜಿನ ಮೇಲೆ ಉದುರಿದವು.

"ಇದ್ರಲ್ಲಿ ಏನೂ ಉಳ್ದಿಲ್ಲಮ್ಮ. ಇವ್ರು ಒಬ್ರ ಪ್ರಮಾಣಪತ್ರ ಸಾಲಲ್ಲ. ಆ ದಿನ ಜೊತೇಲಿದ್ದ ಇನ್ನೊಬ್ರು ಬೇಕು."

"ಎಲ್ಲಿಂದ ತರ್ಲಿ ಸ್ವಾಮಿ?" ಮುನಿರಾಮಪ್ಪ ಮೇಜಿಗೆ ಗುದ್ದಿದರು. "ಆ ಟ್ರಕ್ಕಿನಾಗೆ ಉಳ್ದೋರು ನಾವಿಬ್ರೇ! ಮಿಕ್ಕೋರನ್ನ ಅಲ್ಲೇ ಸುಟ್ಟು ಬಂದ್ವಿ. ಬೂದಿ ಕೈಲಿ ಸೈನ್ ಹಾಕಿಸ್ಲಾ?"

ಗುಮಾಸ್ತ ಕೋಪ ಮಾಡಿಕೊಳ್ಳಲಿಲ್ಲ. "ಹಾಗಿದ್ರೆ ಆದೇಶದ ನಂಬರ್ ಆದ್ರೂ ಬೇಕು ಸಾರ್. ನಿಮ್ಮ ಗಾಯದ್ದು ಬೇರೆ ಆದೇಶ, ಅದ್ರಲ್ಲಿ ಇವ್ರ ಹೆಸರಿಲ್ಲ. ಪಲ್ಟನ್ನಿನಲ್ಲಿ ಯಾರಿಗೆ ಏನಾಯ್ತು ಅಂತ ಆಗಾಗ ಒಂದು ಆದೇಶ ಹೊರಡತ್ತೆ. ಆ ನಂಬರು ತಾರೀಖು ಗೊತ್ತಿದ್ರೆ ಹಳೇ ಕಟ್ಟುಗಳಲ್ಲಿ ಹುಡುಕ್ತೀನಿ. ಇಲ್ದೇ ಹುಡುಕಕ್ಕೆ ನನ್ ಜನ್ಮ ಸಾಲಲ್ಲ. ಯಜಮಾನ್ರಿಗೆ ನೆನಪಿದ್ಯಾ?"

ಯಜಮಾನರಿಗೆ ಅದು ನೆನಪಿರಲಿಲ್ಲ. ಹಿಂದಿನ ದಿನ ಆ ಪುಟದ ಮಾತು ಕೇಳಿದಾಗ ಗೋಡೆ ನೋಡುತ್ತ ಕೂತಿದ್ದರು. ಐಶ್ವರ್ಯ ಕಾಗದಗಳನ್ನು ಎತ್ತಿಕೊಳ್ಳತೊಡಗಿದಳು. ಎಲ್ಲ ಮುಗಿಯಿತು ಎನ್ನುವ ಹೊತ್ತಿಗೆ ಬಸವಮ್ಮ ಕಣ್ಣು ಮುಚ್ಚಿದರು. ಕೈ ತಾನಾಗಿ ಮುಂದೆ ಬಂತು, ಉಂಗುರದ ಬೆರಳು ಕುಂಕುಮ ಹಚ್ಚುವ ಹಾಗೆ ಗಾಳಿಯಲ್ಲಿ ಅಲುಗಿತು. ಪೂಜೆಯ ರಾಗದಲ್ಲಿ, ಒಂದೇ ಉಸಿರಿನಲ್ಲಿ ಹೇಳಿದರು:

"ಪಾರ್ಟ್ ಟೂ ಆರ್ಡರ್, ವನ್ ವನ್ ಸೆವೆನ್, ಇಪ್ಪತ್ತೊಂಬತ್ತು ಹತ್ತು ಎಂಬತ್ತೇಳು, ವುಂಡೆಡ್ ಇನ್ ಆಕ್ಷನ್, ಜಾಫ್ನಾ."

ಗುಮಾಸ್ತ ಪೆನ್ನು ಎಳೆದುಕೊಂಡು ಅದನ್ನು ಬರೆದುಕೊಂಡ.

"ಇದು... ಇದು ನಿಮಗೆ ಹೇಗಮ್ಮ ಗೊತ್ತು?" ಗುಮಾಸ್ತನ ಧ್ವನಿ ಬದಲಾಗಿತ್ತು.

"ಅರ್ಥ ಗೊತ್ತಿಲ್ಲಪ್ಪ. ನಾನು ಕುಂಕುಮ ಇಡೋ ಮುಂಚೆ ಇವ್ರು ಆ ಸಾಲು ಓದೋರು, ಮಂತ್ರ ಓದ್ದಂಗೆ. ವರ್ಷದಲ್ಲಿ ಅದೊಂದೇ ಸಲ ಅವ್ರು ಗಟ್ಟಿಯಾಗಿ ಮಾತಾಡ್ತಿದ್ದಿದ್ದು. ಆಮೇಲೆ ನಾನೇ ಅಳಿಸ್ಬಿಟ್ಟೆ... ಅಕ್ಷರ ಕಾಣಿಸ್ದಿದ್ದ ವರ್ಷ ಪುಟ ನೋಡಿದ್ರು, ನನ್ನ ನೋಡಿದ್ರು, ಎದ್ದು ಹೋದ್ರು. ಆಮೇಲೆ ಓದ್ಲೇ ಇಲ್ಲ. ನನ್ ಕಿವೀಲಿ ಮಾತ್ರ ಉಳ್ಕೊಂಡಿದೆ."

ಗುಮಾಸ್ತ ಒಳಗೆ ಹೋದವನು ಬರಲು ಎರಡು ಗಂಟೆ ಹಿಡಿಯಿತು. ತಂದದ್ದು ಅಂಚು ತಿಂದುಹೋದ ಒಂದು ಕಟ್ಟು. ನೂರ ಹದಿನೇಳನೆಯ ಆದೇಶ ಅದರಲ್ಲಿತ್ತು. ಪಂಚಾಕ್ಷರಯ್ಯನವರ ಹೆಸರು, ಸಂಖ್ಯೆ, ತಲೆಗೆ ಗಾಯ, ಎಲ್ಲವೂ ಇತ್ತು. ಆದೇಶ ಬರೆದ ಪಲ್ಟನ್ನಿನ ಗುಮಾಸ್ತ ಮುಂದಿನ ವಾರವೇ ಗುಂಡಿಗೆ ಬಲಿಯಾಗಿದ್ದರಿಂದ ಅದು ಮುಖ್ಯ ಕಡತಕ್ಕೆ ಸೇರಿರಲಿಲ್ಲ. ಮುನಿರಾಮಪ್ಪ ಆ ಹಾಳೆಗೆ ಹಣೆ ಮುಟ್ಟಿಸಿ ಮಗುವಿನಂತೆ ಅತ್ತರು.

"ಇನ್ನೊಂದು ವಿಷ್ಯ ಇದೆ," ಎಂದ ಗುಮಾಸ್ತ, ಸ್ವಲ್ಪ ಅಳುಕುತ್ತ. "ಎಂಬತ್ತೊಂಬತ್ತರಲ್ಲೇ ಇದು ಸರಿಹೋಗ್ಬೇಕಿತ್ತು. ಪುಸ್ತಕ ಕಳ್ಸಿ, ತಲೆ ಪರೀಕ್ಷೆಗೆ ವೈದ್ಯರ ಮಂಡಳಿ ಮುಂದೆ ಬನ್ನಿ ಅಂತ ರಿಜಿಸ್ಟರ್ಡ್ ಪತ್ರ ಹೋಗಿದೆ. ತಲುಪಿದ ರಸೀತಿ ಇಲ್ಲೇ ಇದೆ ನೋಡಿ. ಉತ್ತರ ಬರ್ಲಿಲ್ಲ ಅಂತ ಕಡತ ಮುಚ್ಚಿದಾರೆ."

ಹಳದಿಗಟ್ಟಿದ ಆ ಪುಟ್ಟ ಕಾರ್ಡಿನಲ್ಲಿ ಒಂದು ಸಹಿ ಇತ್ತು. ಕೊನೆಯಲ್ಲಿ ಬಾಲ ಎಳೆದು ಕೆಳಗೆ ಎರಡು ಚುಕ್ಕೆ ಇಟ್ಟ ಸಹಿ. ಐಶ್ವರ್ಯ ಒಂದನೇ ತರಗತಿಯಿಂದ ತನ್ನ ಅಂಕಪಟ್ಟಿಯ ಮೇಲೆಲ್ಲ ನೋಡಿದ ಸಹಿ ಅದು. ಅವಳು ಅದರ ಜೆರಾಕ್ಸ್ ಕೇಳಿ ಪಡೆದಳು.

ಮನೆಗೆ ಬಂದಾಗ ಮೂರು ಗಂಟೆ. ನಾಗಭೂಷಣ್ ನಡುಮನೆಯ ಉಯ್ಯಾಲೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಕೈಲಾಸ್ ಕೆಲಸದಿಂದ ಬೇಗ ಬಂದು ಕಂಬಕ್ಕೆ ಒರಗಿ ಕಾಯುತ್ತಿದ್ದ. ಐಶ್ವರ್ಯ ರಸೀತಿಯ ಜೆರಾಕ್ಸನ್ನು ತಂದೆಯ ತೊಡೆಯ ಮೇಲೆ ಇಟ್ಟಳು.

"ಇದ್ಯಾರ ಸೈನು ಅಪ್ಪ?"

ಉಯ್ಯಾಲೆ ನಿಂತಿತು. ನಾಗಭೂಷಣ್ ಆ ಕಾಗದ ನೋಡಿದರು. ಬಾಯಿಯ ಎಲೆರಸ ಗಲ್ಲಕ್ಕೆ ಇಳಿಯಿತು, ಒರೆಸಿಕೊಳ್ಳಲಿಲ್ಲ.

"ನಂದೇ," ಎಂದರು. "ಏನೀಗ? ಅದ್ರಲ್ಲಿ ತಲೆ ಪರೀಕ್ಷೆ ಅಂತ ಬರ್ದಿತ್ತು. ಹುಚ್ಚ ಅಂತ ಸರ್ಕಾರದ ಮೊಹರು ಬಿದ್ರೆ ಏನಾಗ್ತಿತ್ತು ಗೊತ್ತಾ? ಬಸವಿ ಕೆಳಗೆ ಇನ್ನೂ ಇಬ್ರು ತಂಗೀರು ಮದ್ವೆಗಿದ್ರು! ಅಪ್ಪ ಇಲ್ಲ, ನನಗೆ ಮೂವತ್ತು ವಯಸ್ಸು. ಹುಚ್ಚನಿಗೆ ಹೆಣ್ಣು ಕೊಟ್ಟ ಮನೆ ಅಂದ್ರೆ ಯಾರು ಬರೋರು? ಬಚ್ಚಲೊಲೆಗೆ ಹಾಕ್ದೆ. ಅಡುಗೆ ಭಟ್ಟ, ಲಾರಿಯಿಂದ ಬಿದ್ದ ಅಂತ ಹೇಳ್ದೆ. ಹೇಳಿ ಹೇಳಿ... ನಾನೇ ನಂಬ್ಬಿಟ್ಟೆ!"

"ಅಣ್ಣಾ!" ಬಸವಮ್ಮನವರ ಕೂಗಿಗೆ ಹಿತ್ತಿಲ ಕಾಗೆಗಳು ಹಾರಿದವು. "ಕಾಗದ ಸುಟ್ಟೆ ಅಂತೀಯಲ್ಲ... ಆ ಬಚ್ಚಲೊಲೆ ಆರ್ಲೇ ಇಲ್ಲ ಅಣ್ಣ! ಮೂವತ್ನಾಲ್ಕು ವರ್ಷ ನನ್ ಮೈಮೇಲೆ ಉರೀತು! ಅವತ್ತೇ ಔಷಧಿ ಸಿಕ್ಕಿದ್ರೆ ನನ್ ಮೊದ್ಲನೇ ಬಸುರು ಉಳೀತಿತ್ತು. ನನ್ ಮಗನ ಕಿವಿ ಉಳೀತಿತ್ತು. ನಿನ್ ಮಗಳ ಹಣೆ ಉಳೀತಿತ್ತು! ನಾನು ರಕ್ತ ಕಾರ್ಕೊಂಡು ನಿನ್ ಬಾಗ್ಲಿಗೆ ಬಂದಾಗ್ಲೆಲ್ಲ 'ಹೊಂದ್ಕೊಂಡ್ ಹೋಗು' ಅಂದ್ಯಲ್ಲೋ... ಎಲ್ಲ ಗೊತ್ತಿದ್ದೂ ಅಂದ್ಯಲ್ಲೋ!"

ಅವರ ಮಾತು ಮುಗಿಯುವ ಮುಂಚೆಯೇ ಕೈಲಾಸ್ ಹಾರಿದ. ಮಾವನನ್ನು ಉಯ್ಯಾಲೆಯಿಂದ ಎಳೆದು ಕೆಡವಿ ಎದೆಯ ಮೇಲೆ ಕೂತು ಮುಷ್ಟಿಯಿಂದ ಬಾಯಿಗೆ ಗುದ್ದಿದ. ಒಂದು, ಎರಡು, ಮೂರು... ಹಲ್ಲು ಮುರಿದು ನೆಲಕ್ಕೆ ಬಿತ್ತು. ಗಂಟಲಿಗೆ ಕೈ ಹಾಕಿದ. "ನಗ್ತಿದ್ಯಲ್ಲ! ನಾಲ್ಕು ಜನದ ಮುಂದೆ ನಮ್ಮಪ್ಪನ್ನ ನೋಡಿ ನಗ್ತಿದ್ಯಲ್ಲ! ಈಗ ನಗು!" ನಾಗಭೂಷಣ್ ಅವರ ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡವು. ಐಶ್ವರ್ಯ ಗಂಡನ ಅಂಗಿ ಹಿಡಿದು ಜಗ್ಗಿದಳು. ಅವನು ಮೊಣಕೈಯಿಂದ ಅವಳನ್ನು ದೂರ ತಳ್ಳಿದ. ತಳ್ಳಿದ ರಭಸಕ್ಕೆ ಅವಳು ಹೋಗಿ ಗೋಡೆಗೆ ಬಡಿದಳು. ಅವನು ತಿರುಗಿಯೂ ನೋಡಲಿಲ್ಲ.

ಆಗ ಹಿಂಬಾಗಿಲಿನಲ್ಲಿ ಪಂಚಾಕ್ಷರಯ್ಯನವರು ಬಂದು ನಿಂತರು. ಅವರ ಮುಖ ಕಂಡು ಬಸವಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಇವತ್ತು ಈ ನೆಲದ ಮೇಲೆ ಹೆಣ ಬೀಳುತ್ತದೆ ಎಂದೇ ಅವರಿಗೆ ಅನಿಸಿತು. ಆದರೆ ಪಂಚಾಕ್ಷರಯ್ಯನವರು ಗೋಡೆಗೆ ಬಡಿದು ಕುಸಿದಿದ್ದ ಸೊಸೆಯನ್ನು ನೋಡಿದರು, ಮಗನ ಮುಷ್ಟಿಯನ್ನು ನೋಡಿದರು. ನಡೆದು ಬಂದು, ಸೊಟ್ಟಗೆ ಕೂಡಿದ್ದ ಆ ಎರಡು ಬೆರಳಿನ ಕೈಯಿಂದಲೇ ಮಗನ ಮಣಿಕಟ್ಟು ಹಿಡಿದರು.

"ಬಿಡು."

"ಬಿಡಲ್ಲ ಅಪ್ಪ! ಇವ್ನು ನಿನ್ನ..."

"ಬಿಡು ಕೈಲಾಸ. ನಿನ್ ಕೈ ನೋಡ್ಕೊ. ಅದು ನನ್ ಕೈ." ಮಗನ ಮುಷ್ಟಿಯನ್ನು ಅವನ ಕಣ್ಣ ಮುಂದೆ ಹಿಡಿದರು. "ನನ್ನಲ್ಲೇ ಮುಗೀಲಿ ಇದು. ನಿನಗೆ ಬೇಡ."

ಕೈಲಾಸ್ ತನ್ನ ರಕ್ತದ ಮುಷ್ಟಿ ನೋಡಿದ. ಗೋಡೆಯ ಬುಡದಲ್ಲಿದ್ದ ಹೆಂಡತಿಯನ್ನು ನೋಡಿದ. ಅವನ ಕೈ ಸಡಿಲವಾಯಿತು. ಪಂಚಾಕ್ಷರಯ್ಯನವರು ಮೊಣಕಾಲೂರಿ ಕೂತು, ಹೆಗಲ ಮೇಲಿನ ಟವಲನ್ನು ನಾಲ್ಕು ಮಡಿಕೆ ಮಾಡಿ, ತಮ್ಮನ್ನು ಮೂವತ್ನಾಲ್ಕು ವರ್ಷ ನಗೆಪಾಟಲು ಮಾಡಿದ ಆ ಬಾಯಿಗೆ ಒತ್ತಿ ಹಿಡಿದರು. "ಒತ್ತಿ ಹಿಡ್ಕೊ ಭಾವ. ಜೋರಾಗಿ ಉಸ್ರಾಡು. ತಲೆ ಎತ್ಬೇಡ... ಇರು, ತಲೆ ಎತ್ಬೇಡ." ಅದೇ ಮಾತು. ಆದರೆ ಆ ಮನೆಯವರು ಅದನ್ನು ಅಷ್ಟು ಮೆತ್ತಗೆ ಹಿಂದೆಂದೂ ಕೇಳಿರಲಿಲ್ಲ. ನಾಗಭೂಷಣ್ ಟವಲಿನೊಳಗೆ ಬಿಕ್ಕಿಬಿಕ್ಕಿ ಅತ್ತರು.

ಅರ್ಜಿ ಮೇಜಿನಿಂದ ಮೇಜಿಗೆ ಸಾಗಿತು. ಸಂಕ್ರಾಂತಿ ಬಂತು, ಹೋಯಿತು. ಕಂಪ್ಲೇಂಟಿನ ಮಾತನ್ನು ನಾಗಭೂಷಣ್ ಎತ್ತಲಿಲ್ಲ. ಯುಗಾದಿ ಕಳೆಯಿತು. ಬೇಸಗೆಯಲ್ಲಿ ಪಂಚಾಕ್ಷರಯ್ಯನವರನ್ನು ವೈದ್ಯರ ಮಂಡಳಿ ನೋಡಿತು. ತಲೆಯೊಳಗಿನ ಕಬ್ಬಿಣದ ಚೂರು ಎಕ್ಸ್‌ರೇ ಫಿಲ್ಮಿನಲ್ಲಿ ಅಕ್ಕಿಕಾಳಿನಂತೆ ಬೆಳ್ಳಗೆ ಕಂಡಿತು. ಅವರು ಮಾತ್ರೆ ನುಂಗಿದರು. ಮಾತ್ರೆ ನುಂಗಿಯೂ ಆಷಾಢದಲ್ಲಿ ಒಂದು ಮಧ್ಯಾಹ್ನ, ಎದುರು ಮನೆಯವರು ತಗಡು ಕೆಡವಿದ ಸದ್ದಿಗೆ, ಹೆಂಡತಿಯ ಕೆನ್ನೆಗೆ ಹೊಡೆದರು. ಹೊಡೆದ ಕೈಯನ್ನು ಆಮೇಲೆ ತಾವೇ ಒರಳಿನ ಕಲ್ಲಿಗೆ ಜಜ್ಜಿಕೊಂಡರು. ಅದನ್ನು ನೋಡಿದ ಬಸವಮ್ಮನವರಿಗೆ ಸಮಾಧಾನವೂ ಆಗಲಿಲ್ಲ, ಕನಿಕರವೂ ಬರಲಿಲ್ಲ. ಸುಸ್ತಾಯಿತು, ಅಷ್ಟೇ.

ನವರಾತ್ರಿ ಶುರುವಾದ ವಾರ ಅಂಚೆಯಲ್ಲಿ ಒಂದು ಪೆಟ್ಟಿಗೆ ಬಂತು. ಹೊಸ ಸೇವಾ ಪುಸ್ತಕ, ವಿದೇಶ ಸೇವೆಯ ಪದಕ ಒಂದು, ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪದಕ ಒಂದು. ಆಯುಧಪೂಜೆಯ ಬೆಳಿಗ್ಗೆ ಬಸವಮ್ಮ ಅವನ್ನು ಪೀಠದ ಮೇಲೆ ಜೋಡಿಸಿದರು. ಮುನಿರಾಮಪ್ಪ ಬಂದಿದ್ದರು, ನಾಗಭೂಷಣ್ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದರು. ಬಸವಮ್ಮ ಪುಸ್ತಕದ ರಟ್ಟಿಗೆ ವಿಭೂತಿ ಇಟ್ಟರು. ಪುಟ ತೆರೆದು, ಕುಂಕುಮದ ಬಟ್ಟಲನ್ನು ದೂರ ಸರಿಸಿ, ಗಂಡನತ್ತ ತಿರುಗಿಸಿದರು.

"ಓದಿ."

ಪಂಚಾಕ್ಷರಯ್ಯನವರು ಕನ್ನಡಕ ಹಾಕಿಕೊಂಡರು. ಇಪ್ಪತ್ತೆಂಟು ವರ್ಷದ ಮೇಲೆ ಆ ಸಾಲು ಅವರ ಬಾಯಲ್ಲಿ ಬಂತು. "...ವುಂಡೆಡ್ ಇನ್ ಆಕ್ಷನ್, ಜಾಫ್ನಾ." ಓದಿ ಮುಗಿಸಿ, ಪುಸ್ತಕ ಮುಚ್ಚಿ, ಯಾರನ್ನೂ ನೋಡದೆ ಹೇಳಿದರು, "ಊರಾಚೆ ಸಿಪಾಯಿಗಳ ಆಶ್ರಮ ಇದ್ಯಂತೆ. ಡಾಕ್ಟ್ರು ಅಲ್ಲೇ ಇರ್ತಾರೆ. ಈ ಕಾಗದ ಇದ್ರೆ ಸೇರಿಸ್ಕೋತಾರೆ. ದೀಪಾವಳಿಗೆ ಮುಂಚೆ ನಾನು ಹೋಗ್ತೀನಿ."

"ಅಪ್ಪ, ಈಗ್ಯಾಕೆ? ಈಗ ಎಲ್ಲ ಸರಿಹೋಯ್ತಲ್ಲ..." ಕೈಲಾಸ್ ಮುಂದೆ ಬಂದ.

"ಪುಸ್ತಕ ಸರಿಹೋಯ್ತಪ್ಪ." ಆಮೇಲೆ ಹೆಂಡತಿಯ ಕಡೆ ನೋಡಿದರು. ಮದುವೆಯಾದ ಹೊಸದರಲ್ಲಿ ನೋಡುತ್ತಿದ್ದ ಹಾಗೆ, ಅಂಜುತ್ತ ಅಂಜುತ್ತ. "ಗಂಡ ಹೆಂಡ್ತಿ ಇಬ್ರಿಗೂ ಜಾಗ ಕೊಡ್ತಾರಂತೆ. ನೀನೂ... ಬರ್ತೀಯಾ?"

ಎಲ್ಲರೂ ಬಸವಮ್ಮನವರ ಬಾಯನ್ನೇ ನೋಡಿದರು. ಅವರು ಸೆರಗಿನಿಂದ ಪದಕದ ಮೇಲಿನ ವಿಭೂತಿಯ ಪುಡಿ ಒರೆಸಿದರು.

"ಬರಲ್ಲ ಕಣ್ರೀ. ನೀವು ಎಲ್ಲಿಗೆ ಹೋಗಿದ್ರಿ, ಏನಾಯ್ತು ಅಂತ ಸರ್ಕಾರದ ಪುಸ್ತಕದಲ್ಲಿ ಬರೆಸ್ಕೊಟ್ಟೆ. ನನ್ ಕೈಲಿ ಆಗೋದು ಅಷ್ಟೇ. ತಿಂಗ್ಳಿಗೊಂದ್ಸಲ ಬಂದು ನೋಡ್ತೀನಿ, ಚಕ್ಕುಲಿ ತರ್ತೀನಿ. ಆದ್ರೆ ಇನ್ನು ಜೊತೇಲಿ ಇರಲ್ಲ."

ಪಂಚಾಕ್ಷರಯ್ಯನವರು ತಲೆಯಾಡಿಸಿದರು. "ಸರಿ," ಎಂದರು. ಆ "ಸರಿ"ಯಲ್ಲಿ ಸಿಟ್ಟಿರಲಿಲ್ಲ. ಐಶ್ವರ್ಯ ಆ ಸಹಿ ಹಾಕದ ಕಂಪ್ಲೇಂಟನ್ನು ದಿಂಬಿನ ಕೆಳಗಿಂದ ತೆಗೆದು, ಕುಂಕುಮ ಮೆತ್ತಿದ ಹಳೆಯ ಪುಸ್ತಕದೊಳಗೆ ಮಡಿಸಿಟ್ಟು ಟ್ರಂಕಿಗೆ ಹಾಕಿದಳು. ಹರಿಯಲಿಲ್ಲ.

ಹೊರಡುವ ದಿನ ಅವರ ಚೀಲವನ್ನು ಆಟೋದವರೆಗೆ ಹೊತ್ತು ತಂದವರು ನಾಗಭೂಷಣ್. ಚೀಲವನ್ನು ಸೀಟಿನ ಕೆಳಗೆ ತಾವೇ ತಳ್ಳಿ, ಹಲ್ಲು ಮುರಿದ ಬಾಯಿಯನ್ನು ಕೈಯಿಂದ ಮುಚ್ಚಿಕೊಂಡರು. ಪಂಚಾಕ್ಷರಯ್ಯನವರು ಅವರ ಭುಜ ತಟ್ಟಿದರು. ಸೊಸೆಗೆ ಕೈ ಮುಗಿದರು. ಅವಳು ಕೈ ಮುಗಿಯಲಿಲ್ಲ, ಆದರೆ ಒಳಗೂ ಹೋಗಲಿಲ್ಲ. ಮುನಿರಾಮಪ್ಪ ಒಂದೇ ಕೈಯಿಂದ ಗೆಳೆಯನನ್ನು ಆಟೋದೊಳಗೆ ಹತ್ತಿಸಿಕೊಂಡು, "ಹೋಗೋಣ ನಡಿ ಗುರು, ಪಟಾಕಿ ಇಲ್ದಿರೋ ಕಡೆ," ಎಂದರು. ಪದಕಗಳನ್ನು ಪಂಚಾಕ್ಷರಯ್ಯನವರು ಒಯ್ಯಲಿಲ್ಲ. ಆಟೋ ತಿರುವು ದಾಟುವವರೆಗೂ ಬಸವಮ್ಮ ಗೇಟು ಹಿಡಿದು ನಿಂತಿದ್ದರು. ಆಮೇಲೆ ಒಳಗೆ ಬಂದು, ಒಳಕೋಣೆಯ ಬಾಗಿಲಿನ ಹೊರಗಿದ್ದ ಆ ಚಿಲಕವನ್ನು ಮಗನ ಕೈಲಿ ಬಿಚ್ಚಿಸಿದರು. ಚಿಲಕ ಬಿಚ್ಚಿದ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದವರು, ಮಧ್ಯಾಹ್ನ ಊಟಕ್ಕೆ ಎಬ್ಬಿಸಿದರೂ ಏಳದಷ್ಟು ಗಾಢವಾಗಿ ನಿದ್ದೆ ಹೋದರು.

ದೀಪಾವಳಿಗೆ ಇನ್ನೂ ಹದಿನೇಳು ದಿನವಿತ್ತು. ಪಂಚಾಕ್ಷರಯ್ಯನವರು ಮನೆ ಬಿಟ್ಟು ಹೋದದ್ದು ವಿಜಯದಶಮಿ ಕಳೆದ ಸೋಮವಾರ, ಬೆಳಿಗ್ಗೆ ಎಂಟು ಗಂಟೆಗೆ.